ಆನೆಯನ್ನು ಕಂಡಾಗ ಹೇಳುವ ಸ್ತುತಿ

ಡಬ್ಲಿನ್ನಿನ ಉತ್ತರಕ್ಕಿರುವ ಡ್ರೋಹೆಡಾ ಎಂಬ ಊರಿನ ಆ ಮನೆಯ ಅಡುಗೆಮನೆಯಲ್ಲಿ ಎರಡು ಸಿಂಕುಗಳಿದ್ದವು. ಒಂದರ ಪಕ್ಕದಲ್ಲಿ ನೀಲಿ ಒರಸುಬಟ್ಟೆ, ಇನ್ನೊಂದರ ಪಕ್ಕದಲ್ಲಿ ಕೆಂಪು. ನೀಲಿಯದು ಹಾಲು ಮೊಸರಿನ ಕಡೆ, ಕೆಂಪಿನದು ಮಾಂಸದ ಕಡೆ. ನಾವು ಮನೆ ನೋಡಲು ಹೋದ ದಿನ ಮನೆಯೊಡತಿ ಇದನ್ನು ವಿವರಿಸಲು ಬಹಳ ಸಂಕೋಚಪಟ್ಟರು. ತಾವು ಯಹೂದಿ, ಹಾಲನ್ನೂ ಮಾಂಸವನ್ನೂ ಒಂದು ಪಾತ್ರೆಯಲ್ಲಿ ಸೇರಿಸುವಂತಿಲ್ಲ, ಸೌಟು ಚಮಚಗಳೂ ಬೇರೆ ಬೇರೆ, ಮೇಲಿನ ಮನೆಗೂ ಕೆಳಗಿನ ಮನೆಗೂ ಇರುವುದು ಇದೊಂದೇ ಅಡುಗೆಮನೆಯಾದ್ದರಿಂದ ದಯವಿಟ್ಟು ಹೊಂದಿಕೊಳ್ಳಬೇಕು ಎಂದು ಅವರು ಹೇಳುತ್ತಾ ಹೋದಂತೆ ಅಮ್ಮನ ಮುಖ ಅರಳುತ್ತಾ ಹೋಯಿತು. ಉಡುಪಿಯ ಹತ್ತಿರದ ನಮ್ಮ ಮನೆಯಲ್ಲಿ, ಅನ್ನದ ಪಾತ್ರೆ ಮುಟ್ಟಿದ ಕೈಯನ್ನು ತೊಳೆಯದೆ ಮೊಸರಿನ ಪಾತ್ರೆ ಮುಟ್ಟಿದರೆ ಅಜ್ಜಿ ಮುಸುರೆಯಾಯಿತೆಂದು ರಂಪ ಮಾಡುತ್ತಿದ್ದರು. ಆ ರಂಪದಲ್ಲಿ ಪಳಗಿದ ಅಮ್ಮನಿಗೆ, ಈ ದೇಶಕ್ಕೆ ಬಂದ ಮೇಲೆ ಮೊದಲ ಸಲ ತನಗೆ ಪೂರ್ತಿ ಅರ್ಥವಾಗುವ ಮಾತೊಂದು ಕಿವಿಗೆ ಬಿದ್ದಿತ್ತು. ನಾವು ಮಾಂಸ ತಿನ್ನದವರು, ಆದ್ದರಿಂದ ಕೆಂಪು ಬಟ್ಟೆಯ ಕಡೆಗೆ ತಲೆ ಹಾಕಿಯೂ ಮಲಗುವುದಿಲ್ಲ ಎಂದು ಅಪ್ಪ ತಮ್ಮ ಇಂಗ್ಲಿಷಿನಲ್ಲಿ ಭರವಸೆ ಕೊಟ್ಟರು. ಮಲಗುವ ವಿಷಯ ಯಾಕೆ ಬಂತೆಂದು ಆ ಹೆಂಗಸಿಗೆ ತಿಳಿಯಲಿಲ್ಲ, ಆದರೂ ನಕ್ಕರು.

“ನಿಮ್ಮ ಅಮ್ಮನಿಗಿಂತ ಇವರೇ ವಾಸಿ,” ಅಮ್ಮ ಅಪ್ಪನಿಗೆ ಕನ್ನಡದಲ್ಲಿ ಹೇಳಿದಳು. “ಇವರು ಕಾರಣ ಆದ್ರೂ ಹೇಳ್ತಾರೆ.”

ಅವರ ಹೆಸರು ಮಿರಿಯಮ್. ಡಬ್ಲಿನ್ನಿನಲ್ಲಿ ಹುಟ್ಟಿ ಬೆಳೆದು, ಅಲ್ಲೇ ಶಾಲೆಯಲ್ಲಿ ಪಾಠ ಮಾಡಿ, ನಿವೃತ್ತಿಯಾದ ಮೇಲೆ ಸಮುದ್ರ ಹತ್ತಿರವಿರಲೆಂದು ಇಲ್ಲಿಗೆ ಬಂದಿದ್ದರು. ಗಂಡ ತೀರಿಹೋಗಿದ್ದರು, ಮಕ್ಕಳಿರಲಿಲ್ಲ. ಹಿರಿಯರನ್ನು ಹೆಸರು ಹಿಡಿದು ಕರೆಯುವುದು ನಮ್ಮಿಂದಾಗದ ಕೆಲಸವಾದ್ದರಿಂದ ನಾವು ಮೂವರೂ ಅವರನ್ನು ಟೀಚರ್ ಎಂದೇ ಕರೆದೆವು. ಅಮ್ಮ ಅದೇ ಊರಿನ ಆಸ್ಪತ್ರೆಯಲ್ಲಿ ನರ್ಸು. ಅಪ್ಪನಿಗೆ ಡನ್‌ಡಾಕಿನ ಒಂದು ಕಚೇರಿಯಲ್ಲಿ ಲೆಕ್ಕ ಬರೆಯುವ ಕೆಲಸ, ಬೆಳಿಗ್ಗೆ ಬಸ್ಸು ಹಿಡಿದರೆ ಸಂಜೆ ಬಸ್ಸಿನಲ್ಲಿ ವಾಪಸು. ನಾನು ಒಬ್ಬಳೇ ಮಗಳು, ಅಶ್ವಿನಿ. ಊರಿನಲ್ಲಿ ನಾಲ್ಕನೆಯ ತರಗತಿಯವರೆಗೆ ಕನ್ನಡ ಶಾಲೆಯಲ್ಲಿ ಓದಿ ಬಂದವಳು. ಇದನ್ನು ಇವತ್ತು ಕನ್ನಡದಲ್ಲಿ ಬರೆಯಲು ಆಗುತ್ತಿರುವುದು ಅದರಿಂದ, ಮತ್ತು ಮನೆಯಲ್ಲಿ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟರೆ ಕಿವಿಯೇ ಕೇಳಿಸದವಳಂತೆ ನಟಿಸುತ್ತಿದ್ದ ಅಮ್ಮನಿಂದ. ಟೀಚರ್ ಆಡಿದ್ದೆಲ್ಲ ಡಬ್ಲಿನ್ನಿನ ಇಂಗ್ಲಿಷಿನಲ್ಲಿ, ಅವರೊಡನೆ ಅಪ್ಪ ಅಮ್ಮ ಆಡಿದ್ದೂ ಇಂಗ್ಲಿಷಿನಲ್ಲೇ. ನನ್ನ ನೆನಪಿನಲ್ಲಿ ಮಾತ್ರ ಎಲ್ಲರೂ ಕನ್ನಡದಲ್ಲೇ ಜಗಳವಾಡುತ್ತಾರೆ, ಹಾಗೆಯೇ ಬರೆಯುತ್ತೇನೆ.

ಅಡುಗೆಮನೆಯ ಮಧ್ಯೆ ಒಂದು ಉದ್ದದ ಮೇಜಿತ್ತು. ಅದರ ಒಂದು ತುದಿಯಲ್ಲಿ ನಾವು ಸಾರು ಅನ್ನ ಉಣ್ಣುತ್ತಿದ್ದರೆ ಇನ್ನೊಂದು ತುದಿಯಲ್ಲಿ ಟೀಚರ್ ಬ್ರೆಡ್ಡನ್ನು ಸೂಪಿಗೆ ಅದ್ದುತ್ತಿದ್ದರು. ಆ ಮೇಜಿಗೆ ಒಂದು ನಿಯಮವಿತ್ತು. ಯಾರು ಬೇಕಾದರೂ ಜಗಳವಾಡಬಹುದು, ಆದರೆ ತನ್ನ ವಾದ ಹೇಳುವ ಮೊದಲು ಎದುರಿನವರ ವಾದವನ್ನು ತಾನೇ ಹೇಳಬೇಕು. ಎದುರಿನವರು ‘ಹೌದು, ನಾನು ಹೇಳಿದ್ದು ಇದೇ’ ಎಂದು ಒಪ್ಪುವ ತನಕ ತನ್ನದನ್ನು ಶುರು ಮಾಡುವಂತಿಲ್ಲ. ಇದು ಟೀಚರ್ ಕಟ್ಟಿದ ನಿಯಮವಲ್ಲ. ಅವರ ಜನರಲ್ಲಿ ಬಹಳ ಹಿಂದೆ ಗುರುಗಳ ಎರಡು ಮನೆತನಗಳಿದ್ದವಂತೆ. ಒಂದು ಮನೆ ಹೌದೆಂದರೆ ಇನ್ನೊಂದು ಮನೆ ಅಲ್ಲವೆನ್ನುವುದು. ಕೊನೆಗೆ, ಎರಡೂ ದೇವರ ಮಾತೇ, ಆದರೆ ನಡೆಯಬೇಕಾದದ್ದು ಇಂಥ ಮನೆಯವರು ಹೇಳಿದಂತೆ ಎಂದು ತೀರ್ಮಾನವಾಯಿತಂತೆ. ಗೆದ್ದ ಮನೆಯವರು ಜಾಣರೆಂದೇನೂ ಅಲ್ಲ. ಅವರು ಸೌಮ್ಯರು, ತಮ್ಮ ಮಾತಿಗಿಂತ ಮೊದಲು ಎದುರಾಳಿಯ ಮಾತನ್ನು ಮಕ್ಕಳಿಗೆ ಕಲಿಸುತ್ತಿದ್ದವರು. ಟೀಚರ್ ಇದನ್ನು ಶಾಲೆಯಲ್ಲಿ ಜೀವಮಾನವಿಡೀ ಕಲಿಸಿದ್ದರು. ಮಕ್ಕಳು ಸಿಗದಿದ್ದಾಗ ಬಾಡಿಗೆದಾರರಿಗೆ ಕಲಿಸಿದರು.

ಮೊದಲು ಸಿಕ್ಕಿಬಿದ್ದವರು ಅಪ್ಪ. ಸ್ನಾನದ ನೀರು ಕಾಯಿಸುವ ಇಮ್ಮರ್ಶನ್ ಸ್ವಿಚ್ಚಿನ ಮೇಲೆ ಈ ದೇಶದ ಗಂಡ ಹೆಂಡಿರೆಲ್ಲ ಜಗಳವಾಡುತ್ತಾರೆ, ನಮ್ಮವರೂ ಆಡಿದರು. ಅಪ್ಪ ಕರೆಂಟು ಹಾಳೆಂದು ಅದನ್ನು ಆರಿಸಿ ಕೆಲಸಕ್ಕೆ ಹೊರಡುವುದು, ಅಮ್ಮ ನೈಟ್ ಡ್ಯೂಟಿ ಮುಗಿಸಿ ಬಂದು ತಣ್ಣೀರಿಗೆ ಕೈಯಿಟ್ಟು ಕಿರುಚುವುದು. ಒಂದು ಬೆಳಿಗ್ಗೆ ಇದು ಮೇಜಿನವರೆಗೆ ಬಂತು. ಟೀಚರ್ ಚಹಾದ ಲೋಟ ಕೆಳಗಿಟ್ಟು, ಮೊದಲು ಹೆಂಡತಿಯ ಮಾತು ಹೇಳಿ ಎಂದು ಅಪ್ಪನಿಗೆ ಅಪ್ಪಣೆ ಮಾಡಿದರು.

“ಇವಳಿಗೆ ಬಿಸಿನೀರು ಬೇಕು.”

“ಅದಲ್ಲ,” ಎಂದಳು ಅಮ್ಮ.

“ನಾನು ಜಿಪುಣ ಅಂತ ಇವಳ ವಾದ.”

“ನೀವು ಜಿಪುಣರೇ. ಆದ್ರೆ ಅದಲ್ಲ.”

ಅಪ್ಪ ಬಸ್ಸಿನ ಹೊತ್ತು ನೋಡಿದರು, ಛಾವಣಿ ನೋಡಿದರು, ಹೊರಗೆ ಸುರಿಯುತ್ತಿದ್ದ ಮಳೆ ನೋಡಿದರು. ಆಮೇಲೆ ಸಣ್ಣ ದನಿಯಲ್ಲಿ ಹೇಳಿದರು:

“ರಾತ್ರಿಯಿಡೀ ಬೇರೆಯವರನ್ನ ನೋಡ್ಕೊಂಡು ಮನೆಗೆ ಬಂದ್ರೆ, ಇಲ್ಲಿ ತನಗೋಸ್ಕರ ಯಾರೂ ಏನೂ ಎತ್ತಿಟ್ಟಿರುದಿಲ್ಲ ಅಂತ.”

“ಹಾಂ,” ಎಂದಳು ಅಮ್ಮ, “ಅದು.” ಮತ್ತೆ ಅಪ್ಪನ ವಾದವನ್ನು ಕೇಳುವ ಅಗತ್ಯವೇ ಬೀಳಲಿಲ್ಲ. ಅಪ್ಪನಿಗೆ ಬಸ್ಸು ತಪ್ಪಿತು, ಸ್ವಿಚ್ಚು ಅಂದಿನಿಂದ ಹಾಕಿಯೇ ಇರುತ್ತಿತ್ತು.

ನನ್ನ ಮುಖದ ಮೇಲೆ ಬಿಳಿ ಮಚ್ಚೆ ಕಾಣಿಸಿಕೊಂಡದ್ದು ಆ ಮನೆಗೆ ಬಂದ ಮರುವರ್ಷ. ಮೊದಲು ಎಡಗಣ್ಣಿನ ಕೆಳಗೆ ಒಂದು ಅವಲಕ್ಕಿಯಷ್ಟು, ಆಮೇಲೆ ತುಟಿಯ ತುದಿಯಲ್ಲಿ, ಆಮೇಲೆ ಎರಡೂ ಕೈಗಳ ಬೆರಳ ಗೆಣ್ಣುಗಳಲ್ಲಿ. ಇದರಿಂದ ನೋವಿಲ್ಲ, ಇದು ಯಾರಿಗೂ ಅಂಟುವುದಿಲ್ಲ, ಚರ್ಮದ ಬಣ್ಣ ಹೋಗುತ್ತದೆ ಅಷ್ಟೇ ಎಂದು ಡಾಕ್ಟರು ಹೇಳಿದರು. ಅಮ್ಮ ನರ್ಸು, ಅವಳಿಗೆ ಇದನ್ನು ಯಾರೂ ಹೇಳಬೇಕಾಗಿರಲಿಲ್ಲ. ಎಂಥೆಂಥ ಹುಣ್ಣುಗಳನ್ನೂ ಮೂಗು ಮುಚ್ಚದೆ ತೊಳೆದು ಪಟ್ಟಿ ಕಟ್ಟುವ ಹೆಂಗಸು ಅವಳು. ಆದರೆ ಅಂದು ಆಸ್ಪತ್ರೆಯಿಂದ ಮನೆಗೆ ಬರುವ ದಾರಿಯಲ್ಲಿ ಅವಳು ನನ್ನ ಕೈಯನ್ನು ತನ್ನ ಕೋಟಿನ ಜೇಬಿನೊಳಗೆ ಇಟ್ಟುಕೊಂಡೇ ನಡೆದಳು. ಚಳಿಗೆಂದು ನಾನು ತಿಳಿದಿದ್ದೆ. ತೊನ್ನು ಎಂಬ ಶಬ್ದ ನಮ್ಮ ಮನೆಯಲ್ಲಿ ಯಾರ ಬಾಯಿಂದಲೂ ಹೊರಡಲಿಲ್ಲ. ಅದು ‘ಅದು’ ಆಯಿತು.

ನಮ್ಮ ಚರ್ಮದ ಬಣ್ಣದ ಕ್ರೀಮು ಡ್ರೋಹೆಡಾದಲ್ಲಿ ಸಿಗುತ್ತಿರಲಿಲ್ಲ. ಅಮ್ಮ ಡಬ್ಲಿನ್ನಿನಿಂದ ಎರಡು ಬೇರೆ ಬೇರೆ ಬಣ್ಣದ ಟ್ಯೂಬು ತಂದು, ದಿನಾ ಬೆಳಿಗ್ಗೆ ತನ್ನ ಕೈಯ ಹಿಂಭಾಗದಲ್ಲಿ ಬೆರೆಸಿ, ನನ್ನ ಗಲ್ಲ ಎತ್ತಿ ಹಿಡಿದು ಹಚ್ಚುತ್ತಿದ್ದಳು. ಹಚ್ಚುವಾಗ ಅವಳ ಉಸಿರು ನನ್ನ ಮುಖಕ್ಕೆ ತಾಗುತ್ತಿತ್ತು, ಆದರೆ ಅವಳು ನೋಡುತ್ತಿದ್ದದ್ದು ನನ್ನ ಕಣ್ಣನ್ನಲ್ಲ, ಕಣ್ಣಿನ ಕೆಳಗಿನ ಜಾಗವನ್ನು. ಕನ್ನಡದವರ ಮನೆಗೆ ಹೋಗುವ ದಿನ ಎರಡು ಪದರ, ಜೊತೆಗೆ ಬೆರಳುಗಳನ್ನು ಮುಚ್ಚುವಷ್ಟು ಉದ್ದ ತೋಳಿನ ಅಂಗಿ. ಬಿಸಿಲೇ ಇಲ್ಲದ ಊರಿನಲ್ಲಿ ಮಗಳಿಗೆ ಇಷ್ಟು ಸನ್‌ಕ್ರೀಮು ಯಾಕೆಂದು ಅಮ್ಮನ ಗೆಳತಿಯೊಬ್ಬಳು ಕೇಳಿದ್ದುಂಟು.

“ಯಾರತ್ರಾನೂ ಹೇಳ್ಬೇಡ ಆಯ್ತಾ?” ಎಂದು ಅಮ್ಮ ಪ್ರತಿದಿನ ಹೇಳುತ್ತಿದ್ದಳು.

“ಯಾಕೆ?”

“ಹೇಳ್ಬೇಡ ಅಂದ್ರೆ ಹೇಳ್ಬೇಡ.”

ಟೀಚರಿಗೆ ಮಾತ್ರ ಗೊತ್ತಿತ್ತು. ಬೆಳಿಗ್ಗೆ ಬಣ್ಣ ಹಚ್ಚುವ ಮುಂಚೆ ನಾನು ಅಡುಗೆಮನೆಯಲ್ಲಿ ಹಾಲು ಕುಡಿಯುವುದನ್ನು ಅವರು ದಿನಾ ನೋಡುತ್ತಿದ್ದರು. ಒಮ್ಮೆಯೂ ಏನೂ ಕೇಳಲಿಲ್ಲ. ಗುಡ್ ಮಾರ್ನಿಂಗ್ ಹೇಳಿ, ಬ್ರೆಡ್ಡಿನ ಗಟ್ಟಿ ಅಂಚು ನನಗೆ ಇಷ್ಟವೆಂದು ಅದನ್ನು ಮುರಿದು ಕೊಡುತ್ತಿದ್ದರು. ಆ ಕಾರಣಕ್ಕೆ ನನಗೆ ಆ ಮೇಜು ಎಂದರೆ ಜೀವ.

ವಾರಕ್ಕೊಂದು ದಿನ ಟೀಚರ್ ನಮ್ಮ ಶಾಲೆಗೆ ಬರುತ್ತಿದ್ದರು. ನಮ್ಮದು ಎಲ್ಲ ಮತಗಳ ಮಕ್ಕಳೂ ಇದ್ದ ಶಾಲೆ. ಬೇರೆ ಬೇರೆ ಜನರ ನಂಬಿಕೆಗಳ ಬಗ್ಗೆ ಒಂದು ಪಾಠವಿರುತ್ತಿತ್ತು, ಅದಕ್ಕೆ ಊರಿನ ಹಿರಿಯರನ್ನು ಕರೆಸುತ್ತಿದ್ದರು. ಒಂದು ದಿನ ಅವರು ಮೇಜಿನ ಮೇಲೆ ಒಂದು ಹಿಡಿ ನಾಣ್ಯ ಸುರಿದು, ಇದರಲ್ಲಿ ನಿಮ್ಮ ನಿಮ್ಮದನ್ನು ಗುರುತು ಹಿಡಿಯಿರಿ ನೋಡೋಣ ಎಂದು ನಗಿಸಿದರು. ಎಲ್ಲದರ ಮೇಲೂ ಈ ದೇಶದ ಗುರುತಾದ ವೀಣೆಯಂಥ ವಾದ್ಯವೇ. ರಾಜ ಒಂದು ಅಚ್ಚಿನಿಂದ ಎಷ್ಟು ನಾಣ್ಯ ಹಾಕಿದರೂ ಎಲ್ಲ ಒಂದೇ ಥರ. ದೇವರು ಮೊದಲ ಮನುಷ್ಯನೊಬ್ಬನ ಅಚ್ಚಿನಿಂದಲೇ ನಮ್ಮೆಲ್ಲರನ್ನೂ ಹಾಕಿದ, ಆದರೂ ಒಬ್ಬರಂತೆ ಇನ್ನೊಬ್ಬರಿಲ್ಲ. ನಮ್ಮಪ್ಪ ನಿಮ್ಮಪ್ಪನಿಗಿಂತ ದೊಡ್ಡವನೆಂದು ಯಾರೂ ಜಂಬ ಕೊಚ್ಚಬಾರದೆಂದೇ ಒಬ್ಬನಿಂದ ಶುರು ಮಾಡಿದ್ದು. ಹೀಗೆ ಹೇಳುವಾಗ ಟೀಚರ್ ಬಹಳ ಚೆನ್ನಾಗಿ ಕಾಣುತ್ತಿದ್ದರು, ಕೆನ್ನೆ ಕೆಂಪಾಗುತ್ತಿತ್ತು. ನಮ್ಮ ಮನೆಯ ಟೀಚರ್ ಎಂದು ನನಗೆ ಒಳಗೊಳಗೇ ಹೆಮ್ಮೆ.

ಆಮೇಲೆ ಅವರು ಒಂದು ಸ್ತುತಿಯ ವಿಷಯ ಹೇಳಿದರು. ಆನೆಯನ್ನು ಕಂಡರೆ, ಕೋತಿಯನ್ನು ಕಂಡರೆ, ಹುಟ್ಟಿದಾರಭ್ಯ ಕಾಣದಂಥ ರೂಪದ ಮನುಷ್ಯನನ್ನು ಕಂಡರೆ ತಮ್ಮ ಜನ ಅಲ್ಲೇ ನಿಂತು, ಜೀವಿಗಳನ್ನು ಬಗೆಬಗೆಯಾಗಿ ಮಾಡಿದ ಒಡೆಯನಿಗೆ ಸ್ತುತಿ ಎಂದು ಹೇಳುತ್ತಾರಂತೆ. ಬೇರೆಯಾಗಿರುವುದನ್ನು ನೋಡಿ ಮುಖ ತಿರುಗಿಸದೆ ಸಂತೋಷಪಡಬೇಕೆಂಬುದು ಅದರ ಅರ್ಥ. ಯಾರಾದರೂ ಆನೆ ನೋಡಿದ್ದೀರಾ ಎಂದು ಕೇಳಿದಾಗ ನಾನು ಕೈಯೆತ್ತಿದೆ. ಉಡುಪಿಯಲ್ಲಿ ಆನೆಯ ಸೊಂಡಿಲಿಗೆ ಬಾಳೆಹಣ್ಣು ಕೊಟ್ಟವಳು ನಾನು, ಬಿಡುತ್ತೇನೆಯೇ? ಎಲ್ಲರೂ ನನ್ನ ಕಡೆ ತಿರುಗಿದರು. ಊಟದ ಬಿಡುವಿನಲ್ಲಿ ಮಳೆಯಲ್ಲಿ ನೆನೆದು, ತೋಳಿನಿಂದ ಮುಖ ಒರೆಸಿಕೊಂಡಿದ್ದೆ ಎಂಬುದು ನನಗೆ ಮರೆತೇಹೋಗಿತ್ತು. ಪಕ್ಕದಲ್ಲಿ ಕೂತಿದ್ದ ಓರ್ಲಾ ನನ್ನ ಒಳ್ಳೆಯ ಗೆಳತಿ, ಕೆಟ್ಟ ಬುದ್ಧಿಯವಳಲ್ಲ. ಅವಳು ನನ್ನ ಮುಖವನ್ನೂ ಅಂಗಿಯ ತೋಳಿಗೆ ಹತ್ತಿದ ಕಂದು ಬಣ್ಣವನ್ನೂ ನೋಡಿ, ಬಹಳ ಆಸಕ್ತಿಯಿಂದ ಕೇಳಿದಳು:

“ಟೀಚರ್, ಅಶ್ವಿನಿ ಮುಖದಲ್ಲೂ ಬೇರೆ ಥರ ಇದೆ. ಇವಳಿಗೂ ಅದನ್ನು ಹೇಳಬಹುದಾ?”

ಆಗ ಟೀಚರ್ ಮಾಡಿದ್ದನ್ನು, ಜೀವನವಿಡೀ ಒಳ್ಳೆಯದನ್ನೇ ಕಲಿಸಿದವರು ಮಾತ್ರ ಮಾಡಬಹುದಿತ್ತು. ಅವರ ಮುಖ ಬೆಳಗಿತು. ನೇರವಾಗಿ ನನ್ನ ಬಳಿ ಬಂದು, ತಲೆಯ ಮೇಲೆ ಕೈಯಿಟ್ಟು, ಹೀಬ್ರೂ ಭಾಷೆಯಲ್ಲಿ ಆ ಸ್ತುತಿಯನ್ನು ಗಟ್ಟಿಯಾಗಿ ಹೇಳಿದರು. ಮತ್ತೆ ಇಂಗ್ಲಿಷಿನಲ್ಲಿ ಹೇಳಿದರು. ಇಡೀ ತರಗತಿ ಅದನ್ನು ಮಗ್ಗಿ ಒಪ್ಪಿಸಿದಂತೆ ಒಟ್ಟಿಗೆ ಹೇಳಿತು. ಆನೆ, ಕೋತಿ, ನಾನು.

ಮನೆಗೆ ಬಂದವಳೇ ಬಚ್ಚಲುಮನೆ ಸೇರಿ ಚಿಲಕ ಹಾಕಿಕೊಂಡೆ. ಅಮ್ಮ ಬಾಗಿಲ ಆಚೆ ನಿಂತು ಕೇಳಿದ್ದಕ್ಕೆಲ್ಲ ಅಳುತ್ತಲೇ ಉತ್ತರ ಕೊಟ್ಟೆ. ಇನ್ನು ಆ ಶಾಲೆಗೆ ಕಾಲಿಡುವುದಿಲ್ಲ ಎಂದೆ. ಸಂಜೆ ಅಪ್ಪ ಬಂದರು, ಟೀಚರೂ ಮಾಮೂಲಿನಂತೆ ಚಹಾಕ್ಕೆ ಇಳಿದು ಬಂದರು. ಏನಾಗಿದೆಯೆಂಬ ಕಲ್ಪನೆಯೇ ಅವರಿಗಿರಲಿಲ್ಲ, ಪಾಠ ಇವತ್ತು ಬಹಳ ಚೆನ್ನಾಗಿ ನಡೆಯಿತು ಎಂದು ಶುರು ಮಾಡಿದರು. ನಾನು ಬಚ್ಚಲಿನಿಂದ ಹೊರಬಂದು, ಮುಖ ತೊಳೆದುಕೊಂಡಿದ್ದ ಹಾಗೇ, ಅಡುಗೆಮನೆಯ ಬಾಗಿಲ ಹಿಂದೆ ನಿಂತೆ.

“ಟೀಚರ್, ನೀವು ನನ್ನ ಮಗಳನ್ನ ಪ್ರಾಣಿಗಳ ಸಾಲಲ್ಲಿ ನಿಲ್ಲಿಸಿದ್ರಿ,” ಎಂದಳು ಅಮ್ಮ. “ನಾವು ಬೇರೆ ಮನೆ ನೋಡ್ತೇವೆ.”

ಶಾಲೆ ಹೋದರೆ ಹೋಗಲಿ, ಈ ಮನೆಯನ್ನೂ ಬಿಡುವುದೆಂದರೆ, ಬಣ್ಣವಿಲ್ಲದ ಮುಖದಲ್ಲಿ ನಾನು ಕೂರಬಹುದಾಗಿದ್ದ ಒಂದೇ ಒಂದು ಜಾಗ ಹೋಗುತ್ತಿತ್ತು. ಟೀಚರ ಕೆನ್ನೆಯ ಕೆಂಪು ಇಳಿದುಹೋಗಿತ್ತು. ಹತ್ತು ಜನರ ಎದುರು ಒಬ್ಬರ ಮಾನ ಕಳೆಯುವುದನ್ನು ತಮ್ಮ ಹಿರಿಯರು ರಕ್ತ ಹರಿಸುವುದಕ್ಕೆ ಸಮ ಎಂದಿದ್ದಾರೆ, ಅದನ್ನೂ ತಾನೇ ಪಾಠ ಮಾಡಿದವಳು ಎಂದರು. ಆಮೇಲೆ, ನೀವು ಹೋಗುವುದಾದರೆ ಹೋಗಿ, ಆದರೆ ಮೊದಲು ನಿಮ್ಮ ಮಾತನ್ನು ನಾನು ಹೇಳಲು ಬಿಡಿ ಎಂದು ಕೇಳಿಕೊಂಡರು.

“ನಾನು ಅವಳನ್ನು ಕೇಳಲಿಲ್ಲ. ಕೇಳದೆ ಅವಳನ್ನು ಪಾಠ ಮಾಡಿಬಿಟ್ಟೆ.”

“ಹೌದು. ಆದ್ರೆ ಅಷ್ಟೇ ಅಲ್ಲ.”

“ನೀವು ಇಷ್ಟು ಕಷ್ಟಪಟ್ಟು ಮುಚ್ಚಿದ್ದನ್ನು ನಾನು ಒಂದು ನಿಮಿಷದಲ್ಲಿ ತೆರೆದೆ. ಮುಚ್ಚಲು ನಿಮಗೊಂದು ಕಾರಣವಿದೆ. ಅದು ನನಗೆ ಗೊತ್ತಿಲ್ಲ.”

“ಹೌದು,” ಎಂದಳು ಅಮ್ಮ. ಹೇಳಿ ಕುರ್ಚಿಯ ಮೇಲೆ ಕೂತಳು. ನಾನು ಎಂದೂ ಕೇಳಿರದ ಹೆಸರೊಂದನ್ನು ಆಗ ಹೇಳಿದಳು. ಸರಸತ್ತೆ, ಅಮ್ಮನ ಅಪ್ಪನ ತಂಗಿ. ಮೈಯೆಲ್ಲ ಬಿಳಿ ಮಚ್ಚೆಯಾದ ಮೇಲೆ ಅವರು ಹಿತ್ತಲ ಕೋಣೆಯಲ್ಲೇ ಉಳಿದರಂತೆ. ಅವರ ತಟ್ಟೆ ಬೇರೆ, ಲೋಟ ಬೇರೆ. ಮನೆಗೆ ಹೆಣ್ಣು ನೋಡುವವರು ಬಂದರೆ ಆ ಕೋಣೆಗೆ ಹೊರಗಿನಿಂದ ಚಿಲಕ. ಅವರಿಗೆ ಊಟ ಕೊಂಡೊಯ್ಯುತ್ತಿದ್ದದ್ದು ಸಣ್ಣವಳಾಗಿದ್ದ ಅಮ್ಮ. ಹೊಸ್ತಿಲಿನಲ್ಲಿಟ್ಟು ಬರಬೇಕೆಂದು ಅವಳಿಗೆ ಹೇಳಿದ್ದರು. ನರ್ಸಿಂಗ್ ಓದಲು ಹೋಗಿ, ಇದು ಅಂಟುವುದಿಲ್ಲವೆಂದು ಕಲಿತು ಅಮ್ಮ ಓಡೋಡಿ ಬರುವ ಹೊತ್ತಿಗೆ ಸರಸತ್ತೆ ಇರಲಿಲ್ಲ. ಅಪ್ಪನಿಗೂ ಇದು ಗೊತ್ತಿರಲಿಲ್ಲವೆಂದು ಅವರ ಮುಖ ನೋಡಿದರೇ ತಿಳಿಯುತ್ತಿತ್ತು.

ಈಗ ಅಮ್ಮನ ಸರದಿ. ಅವಳಿಗೆ ಮನಸ್ಸಿರಲಿಲ್ಲ, ಆದರೂ ಮೇಜಿನ ನಿಯಮಕ್ಕೆ ತಲೆಬಾಗಿ ಟೀಚರ ಮಾತನ್ನು ಹೇಳಿದಳು.

“ನಿಮಗೆ ಇವಳ ಮುಖ ನೋಡಿ ಖುಷಿಯಾಯ್ತು. ನಾಟಕ ಅಲ್ಲ, ನಿಜಕ್ಕೂ ಖುಷಿಯಾಯ್ತು. ನಾನು ದಿನಾ ಬಣ್ಣ ಹಚ್ಚುದು ನಿಮಗೆ ಸರಿ ಕಾಣ್ಲಿಲ್ಲ. ಆದ್ರೂ ತಾಯಿ ಮಗಳ ವಿಷಯ ಅಂತ ಬಾಯಿ ಮುಚ್ಚಿಕೊಂಡಿದ್ರಿ.”

“ಹೌದು,” ಎಂದರು ಟೀಚರ್.

ನನಗೆ ತಡೆಯಲಾಗಲಿಲ್ಲ. ಬಾಗಿಲು ತಳ್ಳಿ ಒಳಗೆ ಬಂದು ಕೂಗಿದೆ:

“ನನ್ನ ಮಾತು ಯಾರು ಹೇಳುದು?”

ಮೂವರೂ ನನ್ನನ್ನು ನೋಡಿದರು. ಟೀಚರ್ ಅಮ್ಮನ ಕಡೆಗೆ ಕೈ ತೋರಿಸಿದರು, ಅದು ತನ್ನ ಕೆಲಸವಲ್ಲ ಎಂಬಂತೆ. ಅಮ್ಮ ಕುರ್ಚಿಯನ್ನು ನನ್ನ ಕಡೆ ತಿರುಗಿಸಿದಳು.

“ನಿಂಗೆ ಶಾಲೆಯಲ್ಲಿ ಅವಮಾನ ಆಯ್ತು.”

“ಆಯ್ತು. ಅದಲ್ಲ.”

“ಓರ್ಲಾ ಮೇಲೆ ಸಿಟ್ಟು.”

“ಅಲ್ಲ.”

“ಕ್ರೀಮು ಉರೀತದೆ ಅಲ್ವಾ?” ಅಪ್ಪ ನಡುವೆ ಬಾಯಿ ಹಾಕಿದರು. “ನಾ ಹೇಳಿದ್ದೆ, ಬೇರೆ ಕಂಪನಿದು ತರುವ ಅಂತ.”

“ಅಲ್ಲ ಅಪ್ಪಾ!”

ಅಮ್ಮ ನನ್ನನ್ನು ನೋಡಿದಳು. ಈ ಸಲ ಕಣ್ಣನ್ನೇ ನೋಡಿದಳು. ಅವಳ ತುಟಿ ಎರಡು ಮೂರು ಸಲ ಅಲುಗಾಡಿ ಸುಮ್ಮನಾಯಿತು. ನನಗೆ ಬೇಕಾದ ಮಾತು ಅವಳಿಗೆ ಸಿಕ್ಕಿದೆ, ಆದರೆ ಅದನ್ನು ಬಾಯಿಂದ ಹೊರಡಿಸಲು ಆಗುತ್ತಿಲ್ಲ ಎಂದು ಹನ್ನೊಂದು ವರ್ಷದ ನನಗೂ ತಿಳಿಯಿತು. ಅವಳು ಹೇಳದಿದ್ದರೆ ಏನು ಮಾಡುವುದೆಂದು ಹೆದರಿಕೆಯಾಯಿತು.

“ನಿನ್ನ ಮುಖ ಕಂಡ್ರೆ ಅಮ್ಮಂಗೆ ನಾಚಿಕೆ,” ಎಂದಳು ಕೊನೆಗೆ. “ಹಾಗೆ ಅಂದ್ಕೊಂಡಿದ್ದೀ ನೀನು. ಅಲ್ವಾ ಮಗಾ?”

“ಹೌದು.”

ಆ ಒಂದು ಶಬ್ದ ಹೇಳಿದ್ದೇ ತಡ, ಎಷ್ಟೋ ತಿಂಗಳಿಂದ ಎದೆಯ ಮೇಲೆ ಯಾರೋ ಕೂತಿದ್ದವರು ಎದ್ದುಹೋದಂತಾಯಿತು. ನಾನು ಅತ್ತೆ, ಅಮ್ಮ ಅತ್ತಳು. ನಿಯಮದ ಪ್ರಕಾರ ಇನ್ನು ಅವಳು ತನ್ನ ವಾದ ಹೇಳಬಹುದಿತ್ತು, ಹೇಳಿದಳು ಕೂಡ: ನಂಗೆ ಹೆದರಿಕೆ ಅಶ್ವಿನಿ, ಆ ಕೋಣೆ ನಂಗಿನ್ನೂ ಕನಸಲ್ಲಿ ಬರ್ತದೆ. ಅಪ್ಪ ಎದ್ದು ಎಲ್ಲರಿಗೂ ಚಹಾ ಮಾಡಲು ಹೊರಟು, ಗಾಬರಿಯಲ್ಲಿ ಹಾಲನ್ನು ಕೆಂಪು ಬಟ್ಟೆಯ ಕಡೆಯ ಪಾತ್ರೆಗೆ ಸುರಿದುಬಿಟ್ಟರು. ಟೀಚರ್ ಅದನ್ನು ಕಂಡೂ ಏನೂ ಹೇಳಲಿಲ್ಲ. ಆ ಪಾತ್ರೆ ಆಮೇಲೆ ಏನಾಯಿತೋ, ಮತ್ತೆ ಅಡುಗೆಮನೆಯಲ್ಲಿ ಕಾಣಲಿಲ್ಲ.

ಚಹಾ ಕುಡಿಯುವಾಗ ನಾನು ಟೀಚರನ್ನು ಒಂದು ಪ್ರಶ್ನೆ ಕೇಳಿದೆ. ನಿಮ್ಮ ಹಳೆಯ ಪುಸ್ತಕಗಳಲ್ಲಿ ಬಿಳಿ ಮಚ್ಚೆಯವರ ಬಗ್ಗೆ ನಿಜವಾಗಿ ಏನಿದೆ? ಅವರು ಲೋಟ ಕೆಳಗಿಟ್ಟರು. ಹುಟ್ಟಿನಿಂದಲೇ ಬೇರೆ ರೂಪದಲ್ಲಿರುವವರಿಗೆ ತಾನು ಹೇಳಿದ ಸ್ತುತಿ, ನಡುವೆ ಹಾಗಾದವರಿಗೆ ಇನ್ನೊಂದು, ಆ ಎರಡನೆಯದು ಕೆಟ್ಟ ಸುದ್ದಿ ಕೇಳಿದಾಗ ಹೇಳುವಂಥದು, ಬಿಳಿ ಮಚ್ಚೆಯವರ ಹೆಸರು ಇರುವುದು ಅದರಲ್ಲಿ ಎಂದರು. ತರಗತಿಯಲ್ಲಿ ಚಂದದ್ದನ್ನು ಮಾತ್ರ ಹೇಳಿ ಇದನ್ನು ಬಿಟ್ಟಿದ್ದರು. ಅಮ್ಮ ಮತ್ತೆ ಗಂಭೀರವಾದಳು. ನನಗೆ ಮಾತ್ರ ಏನೋ ಸಮಾಧಾನ. ಅಷ್ಟು ಹಿಂದಿನ ಕಾಲದಲ್ಲೂ ನನ್ನಂಥವರು ಬೀದಿಯಲ್ಲಿ ಓಡಾಡಿಕೊಂಡಿದ್ದರು, ಯಾರೋ ಕೂತು ಅವರ ವಿಷಯ ಚರ್ಚೆ ಮಾಡಿದ್ದರು.

“ಹಾಗಾದ್ರೆ ಆನೆದು ನಂಗಲ್ಲ!”

“ಅಲ್ಲ,” ಎಂದರು ಟೀಚರ್. “ಎರಡನೆಯದನ್ನು ನಿನ್ನನ್ನು ನೋಡಿ ಹೇಳಲು ನನಗೆ ಮನಸ್ಸಿಲ್ಲ. ಏನು ಹೇಳಲಿ, ನೀನೇ ಹೇಳು.”

“ಹಲೋ ಅನ್ನಿ. ಸಾಕು.”

ಟೀಚರ್ ಕಣ್ಣೊರೆಸಿಕೊಂಡು ಹಲೋ ಎಂದರು. ಮರುವಾರ ತರಗತಿಯಲ್ಲಿ ಅವರು ತಮ್ಮ ತಪ್ಪನ್ನು ತಾವೇ ಹೇಳಿದರು. ಹೇಳಬಹುದೇ ಎಂದು ಮೊದಲು ನನ್ನನ್ನು ಕೇಳಿ, ನಾನು ಒಪ್ಪಿದ ಮೇಲೆ. ಅಂಥ ಸ್ತುತಿಯನ್ನು ಎದುರಿನವರಿಗೆ ಕೇಳಿಸದಂತೆ ಮೆತ್ತಗೆ ಹೇಳಬೇಕು, ಅವರ ಮನಸ್ಸು ನೋಯಬಾರದು ಎಂದು ಹಿರಿಯರು ಎಚ್ಚರಿಸಿದ್ದಾರಂತೆ, ಅದನ್ನು ತಾನು ಮರೆತೆ ಎಂದರು. ಓರ್ಲಾ ನನ್ನ ಕಿವಿಯಲ್ಲಿ ಸಾರಿ ಎಂದಳು, ನಾನು ಪರವಾಗಿಲ್ಲ ಎನ್ನಲು ಇಲ್ಲಿಯವರು ಹೇಳುವಂತೆ ಗ್ರ್ಯಾಂಡ್ ಎಂದೆ, ಅಲ್ಲಿಗೆ ಮುಗಿಯಿತು. ಈಗ ನಾನೂ ಟೀಚರ್. ನನ್ನ ಕೈಗಳು ಮೊಣಕೈಯವರೆಗೆ ಬೆಳ್ಳಗಾಗಿವೆ. ಮೊದಲ ದಿನ ಮಕ್ಕಳು ನೋಡುತ್ತಾರೆ, ನೋಡಲಿ ಎಂದು ಸ್ವಲ್ಪ ಹೊತ್ತು ಬಿಡುತ್ತೇನೆ. ಆ ಎರಡು ಮನೆತನಗಳ ಕಥೆಯನ್ನು ಎಲ್ಲ ತರಗತಿಗೂ ಹೇಳುತ್ತೇನೆ. ಆನೆಯ ತಂಟೆಗೆ ಹೋಗುವುದಿಲ್ಲ.

ಆದರೆ ನಮ್ಮ ಅಡುಗೆಮನೆಯಲ್ಲಿ ಅತ್ತು ಹಗುರಾಗುವುದು ಬೇರೆ, ಕನ್ನಡದವರ ಎದುರು ನಿಲ್ಲುವುದು ಬೇರೆ. ಆ ಜಗಳ ನಡೆದ ವರ್ಷದ ದೀಪಾವಳಿಗೆ ಡನ್‌ಡಾಕಿನ ಒಂದು ಹಾಲ್‌ನಲ್ಲಿ ಎಲ್ಲರೂ ಸೇರುವುದಿತ್ತು. ಹೊರಡುವ ದಿನ ಬೆಳಿಗ್ಗೆ ಅಮ್ಮ ಟ್ಯೂಬುಗಳನ್ನು ಹಿಡಿದು ಬಂದಳು. ಹಚ್ಚಲಾ ಎಂದು ಕೇಳಿದಳು. ಮೊದಲ ಸಲ ಕೇಳಿದ್ದು. ಬೇಡ ಎಂದೆ. ಅವಳು ಸರಿ ಎಂದಳು, ಆದರೆ ದಾರಿಯುದ್ದಕ್ಕೂ ಬಸ್ಸಿನ ಕಿಟಕಿಯ ಗಾಜಿನಲ್ಲಿ ನನ್ನನ್ನು ನೋಡುತ್ತಲೇ ಇದ್ದಳು. ಅವಳು ಅಲ್ಲಿ ಹೋದ ಮೇಲೆ ನನ್ನ ಕೈಯನ್ನು ಮತ್ತೆ ಜೇಬಿನೊಳಗೆ ಎಳೆದುಕೊಂಡರೆ?

ಹಾಲ್‌ನಲ್ಲಿ ಊಟದ ಮೇಜಿನ ಹಿಂದೆ ಮೈಸೂರಿನ ಸುಮಾ ಆಂಟಿ ನಿಂತಿದ್ದರು. ಹೋಳಿಗೆ ಅವರದು. ನಾನೂ ಅವರ ಮಗಳು ದೀಪ್ತಿಯೂ ಯಾವಾಗ ಸೇರಿದರೂ ಒಂದೇ ತಟ್ಟೆಯಲ್ಲಿ ತಿನ್ನುವ ರೂಢಿ. ಅಂದೂ ಒಂದು ಹೋಳಿಗೆ ಹಾಕಿಸಿಕೊಂಡು, ನಾನು ಒಂದು ಕಡೆಯಿಂದ ಕಚ್ಚಿ, ಉಳಿದದ್ದನ್ನು ಅವಳ ಬಾಯಿಗೆ ಹಿಡಿದೆ. ಸುಮಾ ಆಂಟಿಯ ಕಣ್ಣು ನನ್ನ ಬೆರಳುಗಳ ಮೇಲೆ ಬಿತ್ತು. ಆಮೇಲೆ ಮುಖದ ಮೇಲೆ. ಅವರು ಮಗಳ ಭುಜ ಹಿಡಿದು ಹಿಂದಕ್ಕೆಳೆದು ಅಮ್ಮನ ಕಡೆ ತಿರುಗಿದರು.

“ಏನ್ರೀ ಇದು ವಾರಿಜಾ, ಮಗೂಗೆ ಹೀಗಾಗಿದೆ? ದೀಪ್ತಿ, ನೀನು ಬೇರೆ ತಟ್ಟೆ ತಗೋ ಪುಟ್ಟಾ. ಇದು ಬೇಡ.”

ಸುತ್ತಲಿನವರು ತಿರುಗಿ ನೋಡಿದರು. ನನ್ನ ಕೈ ಹೋಳಿಗೆಯನ್ನು ಹಿಡಿದುಕೊಂಡು ಗಾಳಿಯಲ್ಲಿ ಹಾಗೇ ಉಳಿಯಿತು. ಅಮ್ಮ ಅಲ್ಲೇ ಇದ್ದಳು. ಅವಳು ಎಂಜಲೆಂದರೆ ಮಾರು ದೂರ ನಿಲ್ಲುವವಳು. ನಾನು ಕುಡಿದ ಲೋಟವನ್ನು ತೊಳೆಯದೆ ತಾನು ಮುಟ್ಟಿದವಳಲ್ಲ, ಅಪ್ಪ ಕಚ್ಚಿದ ಮಾವಿನಹಣ್ಣನ್ನು ಮದುವೆಯಾದ ಹೊಸದರಲ್ಲೂ ತಿಂದವಳಲ್ಲ. ಅವಳು ನನ್ನ ಮಣಿಕಟ್ಟು ಹಿಡಿದು ಬಗ್ಗಿ, ಆ ಅರ್ಧ ಹೋಳಿಗೆಯನ್ನು ನನ್ನ ಬೆರಳುಗಳಿಂದಲೇ ಬಾಯಿಗೆ ತೆಗೆದುಕೊಂಡಳು. ಅವಳ ತುಟಿ ನನ್ನ ಬಿಳಿ ಗೆಣ್ಣುಗಳಿಗೆ ತಾಗಿತು. ಎಲ್ಲರೂ ನೋಡುತ್ತಿದ್ದಂತೆ, ಅವಸರವಿಲ್ಲದೆ ಅಗಿದು ನುಂಗಿದಳು.

“ತೊನ್ನು,” ಎಂದಳು. “ಅಂಟುದಿಲ್ಲ. ಹೋಳಿಗೆ ಲಾಯ್ಕಾಗಿದೆ ಸುಮಾ. ಅವಳಿಗೆ ಇನ್ನೊಂದು ಕೊಡಿ. ತಟ್ಟೆಗಲ್ಲ, ಕೈಗೇ ಕೊಡಿ.”

ಸುಮಾ ಆಂಟಿ ಅಮ್ಮನನ್ನು ನೋಡಿದರು, ನನ್ನನ್ನು ನೋಡಿದರು. ಚಿಮುಟ ಬದಿಗಿಟ್ಟು, ಒಂದು ಹೋಳಿಗೆಯನ್ನು ಮಡಚಿ ನನ್ನ ಅಂಗೈಗೆ ಇಟ್ಟರು. ಅದನ್ನು ದೀಪ್ತಿ ಅರ್ಧ ಮುರಿದುಕೊಂಡಳು.